ಫೋಟೋ ಇಲ್ಲದ ಊರುಗಳಿಗೆ ಒಂದು ಥ್ಯಾಂಕ್ಸ್

ಹೋದ ತಿಂಗಳು ನನಗೆ 65 ತುಂಬಿತು. ನಿಯಮದ ಪ್ರಕಾರ ಅಲ್ಲಿಗೆ ಪೈಲಟ್ ಕೆಲಸ ಮುಗಿಯಿತು. ಕೊನೆಯ ಹಾರಾಟ ಮುಗಿಸಿ ಮನೆಗೆ ಬಂದಾಗ ಮಗಳು ಒಂದು ಆಲ್ಬಮ್ ಕೈಗಿಟ್ಟಳು. ಮುಂಬೈ, ದುಬೈ, ಸಿಂಗಪುರ ಎಲ್ಲ ಇವೆ. ಲಡಾಖಿನ ಲೇಹ್, ಅಸ್ಸಾಮಿನ ತೇಜಪುರ, ಜೋರ್ಹಾಟ್ ಮಾತ್ರ ಇಲ್ಲ. ನಮ್ಮ ಪ್ರಯಾಣಿಕರ ವಿಮಾನ ಇಳಿಯುತ್ತಿದ್ದರೂ ಅವೆಲ್ಲ ವಾಯುಪಡೆಯ ನೆಲೆಗಳು. ಅಲ್ಲಿ ಕ್ಯಾಮೆರಾ ಹೊರಗೆ ತೆಗೆಯುವ ಹಾಗಿರಲಿಲ್ಲ. ನನಗೆ ವಿಮಾನ ಹಾರಿಸೋದನ್ನು ನಿಜವಾಗಿ ಕಲಿಸಿದ್ದು ಆ ಊರುಗಳೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬೆಂಗಳೂರಿನ ಜಕ್ಕೂರು ಹಾರಾಟ ಶಾಲೆಯವರಿಗೆ. ನಾನು ಕಲಿತದ್ದು ಪುಷ್ಪಕ್‌ನಲ್ಲಿ. ಬೆಂಗಳೂರಿನಲ್ಲೇ ಎಚ್‌ಎಎಲ್ ಕಟ್ಟಿದ ವಿಮಾನ. ಎರಡು ಸೀಟು, 90 ಅಶ್ವಶಕ್ತಿಯ ಎಂಜಿನ್, ರೆಕ್ಕೆಗೆ ಬಟ್ಟೆಯ ಹೊದಿಕೆ. ಸ್ಟಾರ್ಟರ್ ಇರಲಿಲ್ಲ, ಪ್ರೊಪೆಲ್ಲರನ್ನು ಕೈಯಿಂದಲೇ ತಿರುಗಿಸಬೇಕಿತ್ತು. ಬೆಳಗಿನ ಚಳಿಯಲ್ಲಿ ನಮಗಾಗಿ ಆ ಅಪಾಯದ ಕೆಲಸ ಮಾಡುತ್ತಿದ್ದ ಮೆಕ್ಯಾನಿಕ್ ಅಣ್ಣಂದಿರೇ, ನಿಮ್ಮ ಕೈಗಳನ್ನು ನಾನು ಮರೆತಿಲ್ಲ.

ತೇಜಪುರದಲ್ಲಿ ವಾಯುಪಡೆಯ ಹೊಸ ಹುಡುಗರು ಮಿಗ್-21 ಯುದ್ಧವಿಮಾನ ಕಲಿಯುತ್ತಿದ್ದ ಕಾಲ. ಅವರು ಇಳಿಯುವ ತನಕ ನಾವು ಕಾಯುತ್ತಿದ್ದೆವು. 2025ರ ಸೆಪ್ಟೆಂಬರ್‌ನಲ್ಲಿ ಚಂಡೀಗಢದಲ್ಲಿ ಆ ವಿಮಾನಗಳನ್ನು ಬೀಳ್ಕೊಟ್ಟಾಗ ಟಿವಿ ಮುಂದೆ ಕೂತು ಅತ್ತುಬಿಟ್ಟೆ.

ಜಾಸ್ತಿ ಹೇಳಬೇಕಾದದ್ದು ಲೇಹ್ ಬಗ್ಗೆ. ಸಮುದ್ರಮಟ್ಟದಿಂದ ಹತ್ತು ಸಾವಿರ ಅಡಿಗೂ ಮೇಲಿರುವ ರನ್‌ವೇ. ಮೂರು ಕಡೆ ಬೆಟ್ಟ. ಸಿಂಧೂ ಕಣಿವೆಯಲ್ಲಿ ಬಂದು, ಸ್ಪಿತುಕ್ ಗೊಂಪ ಎಂಬ ಬೌದ್ಧ ಮಠದ ಗುಡ್ಡದ ಪಕ್ಕದಲ್ಲೇ ಇಳಿಯಬೇಕು. ಹೊರಡುವಾಗ ಬಂದ ದಿಕ್ಕಿಗೇ ತಿರುಗಿ ಏರಬೇಕು. ತೆಳು ಗಾಳಿಯಲ್ಲಿ ಎಂಜಿನ್‌ಗೂ ರೆಕ್ಕೆಗೂ ಶಕ್ತಿ ಕಡಿಮೆ. ಬಿಸಿಲೇರಿದರೆ ಇನ್ನೂ ಕಡಿಮೆ, ಮಧ್ಯಾಹ್ನ ಗಾಳಿಯೂ ಏಳುತ್ತದೆ. ಹಾಗಾಗಿ ನಮ್ಮದೆಲ್ಲ ಬೆಳಗಿನ ಕೆಲಸ.

ಅಲ್ಲಿ ಇಳಿಯುವಾಗಲೆಲ್ಲ ನನಗೆ 1948ರ ಮೇ 24 ನೆನಪಾಗುತ್ತಿತ್ತು. ಸೋನಮ್ ನೊರ್ಬು ಎಂಬ ಲಡಾಖಿ ಎಂಜಿನಿಯರ್ ಊರ ಜನರನ್ನು ಕಟ್ಟಿಕೊಂಡು ಸಿದ್ಧಮಾಡಿದ ಮಣ್ಣಿನ ಪಟ್ಟಿಯ ಮೇಲೆ ಅವತ್ತು ವಾಯುಪಡೆಯ ಮೆಹರ್ ಸಿಂಗ್ ಡಕೋಟಾ ವಿಮಾನ ಇಳಿಸಿದರು. ವಿಮಾನದಲ್ಲಿ ಸೇನೆಯ ಅಧಿಕಾರಿ, ನಮ್ಮ ಕೊಡಗಿನ ತಿಮ್ಮಯ್ಯನವರಿದ್ದರು. ಅವರ ಮುಂದೆ ನಮ್ಮ 737 ಎಷ್ಟು ಸುಖದ್ದು, ಅಲ್ವಾ?

ಒಂದು ಜನವರಿಯಲ್ಲಿ ನಾವು ಹೊರಡುವಷ್ಟರಲ್ಲಿ ಹಿಮ ಶುರುವಾಯಿತು. ಆ ದಿನ ಹಾರುವ ಹಾಗಿರಲಿಲ್ಲ. ಪ್ರಯಾಣಿಕರು ಊರಿಗೆ ಮರಳಿದರು, ನಾವು ವಾಯುಪಡೆಯ ಮೆಸ್‌ನಲ್ಲಿ ಉಳಿದೆವು. ಕೋಣೆ ಬೆಚ್ಚಗಿಡುವ ಬುಖಾರಿ ಒಲೆಯ ಪಕ್ಕ ಕೂತರೂ ನಡುಕ ನಿಲ್ಲಲಿಲ್ಲ. ಆಗ ಟವರ್‌ನ ಕೆಲಸ ಮುಗಿಸಿ ಬಂದ ಒಬ್ಬ ಹುಡುಗ ನನ್ನ ಹೆಸರು ಕೇಳಿ, "ಊಟ ಆಯ್ತಾ ಸಾರ್?" ಅಂದ. ಹಾಸನದವನಂತೆ. ಬೆಳಿಗ್ಗೆಯಿಂದ ರೇಡಿಯೋದಲ್ಲಿ ನನಗೆ ಗಾಳಿಯ ವೇಗ ಹೇಳುತ್ತಿದ್ದ ದನಿ ಅವನದೇ. ಅವತ್ತು ರಾತ್ರಿ ಎರಡು ಗಂಟೆ ಕನ್ನಡದಲ್ಲೇ ಮಾತಾಡಿದೆವು. ಅವನ ಅಮ್ಮನ ಮಂಡಿನೋವು, ತಂಗಿಯ ಮದುವೆ, ಎಲ್ಲ.

ಬೆಳಗಿನ ಜಾವ ಎದ್ದು ನೋಡಿದರೆ ಏರ್‌ಮನ್‌ಗಳು ಆಗಲೇ ರನ್‌ವೇ ಗುಡಿಸುತ್ತಿದ್ದರು. ಇಬ್ಬರು ನಮ್ಮ ಎಂಜಿನಿಯರ್ ಜೊತೆ ಏಣಿ ಹತ್ತಿ ರೆಕ್ಕೆಯ ಹಿಮ ತೆಗೆಯುತ್ತಿದ್ದರು. ಅದು ಅವರ ವಿಮಾನವಲ್ಲ, ಅವರ ಕೆಲಸವೂ ಅಲ್ಲ. ನನ್ನ ಲಾಗ್‌ಬುಕ್‌ನಲ್ಲಿ ಆ ದಿನದ ಸಾಲಿನಲ್ಲಿ ನನ್ನ ಹೆಸರು ಮಾತ್ರ ಇದೆ. ಅವರ ಹೆಸರು ಕೇಳಿ ಬರೆದುಕೊಳ್ಳಬೇಕಿತ್ತು. ಕೇಳಲಿಲ್ಲ. ಆ ನೋವು ಇನ್ನೂ ಇದೆ.

ಹಾಸನದ ತಮ್ಮಾ, ಹೊರಡುವಾಗ ನೀನು ಟೀ ತುಂಬಿ ಕೊಟ್ಟ ಸ್ಟೀಲ್ ಫ್ಲಾಸ್ಕ್ ನನ್ನ ಹತ್ತಿರವೇ ಉಳಿದಿದೆ. ಮುಂದಿನ ಸಲ ಕೊಡೋಣ ಅಂತ ಒಯ್ದಾಗ ನಿನಗೆ ಬೇರೆ ಕಡೆ ವರ್ಗವಾಗಿತ್ತು. ಮುಚ್ಚಳ ಸ್ವಲ್ಪ ಸಡಿಲವಾಗಿದೆ, ಟೀ ಇನ್ನೂ ಬಿಸಿ ಇರುತ್ತದೆ. ಇದು ನಿನ್ನ ಕಣ್ಣಿಗೆ ಬಿದ್ದರೆ ಮನೆಗೆ ಬಾ. ಅಮ್ಮನನ್ನೂ ಕರೆದುಕೊಂಡು ಬಾ.