ಸಂಪಾದಕರ ಮಾತು: ಇದ್ದಿದ್ನ ತರೋದು

ಊರು ಬಿಟ್ಟು ದೂರ ಬಂದಿರೋ ನಮ್ಮ ಕನ್ನಡದೋರ ಸಂಘದ ಪತ್ರಿಕೆ ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗ್ಬೇಕು, ಈ ಪುಟ ಒಂದು ಇನ್ನೂ ಖಾಲಿ ಇದೆ. ರಾಜ್ಯೋತ್ಸವದ ಸಂಚಿಕೆಗೆ ನೀವೆಲ್ಲ ಕಳಿಸಿದ ಬರಹಗಳನ್ನ ಸಂಜೆ ಕೂತು ಒಟ್ಟಿಗೆ ಓದಿದೆ. ಮದ್ದೂರು ವಡೆ, ದಸರಾ ಎಕ್ಸಿಬಿಷನ್ನಿನ ಹಪ್ಪಳ, ನಂಜನಗೂಡು ರಸಬಾಳೆ, ಓದ್ತಾ ಓದ್ತಾ ಕಣ್ಣು ತುಂಬಿ ಬಂತು. ಪಕ್ಕದಲ್ಲಿ ಫೋಟೊ ಜೋಡಿಸ್ತಿದ್ದ ಮಗಳು ಕೇಳಿದ್ಲು, "ಅಮ್ಮ, ಯಾರಿಗೂ ಇಲ್ಲಿ ಏನೂ ಒಳ್ಳೇದು ಆಗೇ ಇಲ್ವಾ?" ಅಂತ. ಅವಳು ಹುಟ್ಟಿದ್ದು ಇಲ್ಲೇ.

ನಮ್ಮದು ಮಂಡ್ಯದ ಕಡೆ ಕ್ರೈಸ್ತರ ಮನೆ, ಚರ್ಚಿನ ಸುಗ್ಗಿ ಹಬ್ಬ ಅಂದ್ರೆ ನಮಗೆ ಕ್ರಿಸ್ಮಸ್ಸಿನಷ್ಟೇ ದೊಡ್ಡದು. ಕಂಬಕ್ಕೆಲ್ಲ ಕಬ್ಬಿನ ಜಲ್ಲೆ ಕಟ್ಟಿ, ಆಲ್ಟರ್ ಮುಂದೆ ಕುಂಬಳಕಾಯಿ, ರಾಗಿ ಮೂಟೆ, ತೆಂಗಿನಕಾಯಿ, ಆಲೆಮನೆಯಿಂದ ಆಗಷ್ಟೇ ಬಂದ ಬೆಲ್ಲದ ಅಚ್ಚು, ಕಾಲು ಕಟ್ಟಿದ ಕೋಳಿ ಪ್ರಾರ್ಥನೆ ಮಧ್ಯ ಕೂಗೋದು, ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. 2002ರಲ್ಲಿ ಮಳೆ ಕೈಕೊಡ್ತು, ಕಾವೇರಿ ಗಲಾಟೆ ಬೇರೆ, ಕನ್ನಂಬಾಡಿ ಕಟ್ಟೆ ತುಂಬಿದ್ರೆ 124.80 ಅಡಿ, ಇವತ್ತು ಎಷ್ಟಿದೆ ಅಂತ ಪೇಪರ್ ನೋಡೋದೇ ಅಪ್ಪನ ಕೆಲಸ ಆಗೋಗಿತ್ತು. ಕಬ್ಬು ಒಣಗಿತ್ತು. ಈ ವರ್ಷ ಎಂಥ ಸುಗ್ಗಿ ಹಬ್ಬ ಅಂತ ದೊಡ್ಡೋರೇ ಗೊಣಗ್ತಿದ್ರು. ಅಜ್ಜಿ ಮಾತ್ರ ಹಿತ್ತಿಲಲ್ಲಿ ಪಾತ್ರೆ ತೊಳೆದ ನೀರಿಗೆ ಬೆಳೆದಿದ್ದ ಒಂದು ಸೋರೆಕಾಯಿ ಕಿತ್ತು ಸೆರಗಲ್ಲಿ ಸುತ್ಕೊಂಡು ಹೊರಟ್ರು. ನಾನು ನಾಚ್ಕೊಂಡು ಇಷ್ಟೇನಾ ಅಂದೆ. "ಇದ್ದಿದ್ನ ತರದು ಕಣ್ ಮಗ, ಹ್ವಾದ್ವರ್ಸದ ಕಬ್ಬ ಈ ವರ್ಸ ಕೊಡಕಾಯ್ತದಾ?" ಅಂದ್ರು. ಆ ಸೋರೆಕಾಯಿಗೆ ಹರಾಜಲ್ಲಿ ಜನ ಕೂಗಿದ ಬೆಲೆ ನೋಡಿ ಅಜ್ಜಿಗೇ ಗಾಬರಿ.

ಬೈಬಲ್ಲಿನ ಅರಣ್ಯಕಾಂಡ 11ನೇ ಅಧ್ಯಾಯದಲ್ಲಿ ಇಸ್ರಾಯೇಲ್ಯರು ಅರಣ್ಯದಲ್ಲಿ ಕೂತು ಅಳ್ತಾರೆ, ಐಗುಪ್ತದಲ್ಲಿ (ಈಗಿನ ಈಜಿಪ್ಟ್) ಬಿಟ್ಟಿ ಮೀನು ತಿಂತಿದ್ವಿ, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ಇತ್ತು ಅಂತ. ಅಲ್ಲಿ ಗುಲಾಮರಾಗಿ ಇಟ್ಟಿಗೆ ಹೊತ್ತಿದ್ದು ಆ ಪಟ್ಟಿಯಲ್ಲಿ ಇಲ್ಲ. ದಿನಾ ಬೆಳಿಗ್ಗೆ ದೇವರು ಕೊಡ್ತಿದ್ದ ಮನ್ನ ಅನ್ನೋ ಆಹಾರ ಕಣ್ಣೆದುರೇ ಬಿದ್ದಿತ್ತು, ಅದು ಬೇಜಾರಾಗಿತ್ತು. ನಮ್ಮೂರು ಐಗುಪ್ತ ಅಂತ ಖಂಡಿತ ಹೇಳ್ತಿಲ್ಲ, ಊರನ್ನ ಮರೀರಿ ಅಂತಾನೂ ಅಲ್ಲ. ಆದ್ರೆ ಅನುದಿನದ ಆಹಾರ ಈ ಹೊತ್ತು ಕೊಡು ಅಂತ ದಿನಾ ಬೇಡ್ಕೊಳ್ಳೋ ನಾನು, ಈ ಹೊತ್ತು ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಹೇಳ್ದೆ ಹೇಗಿರ್ಲಿ? ಬಾಬಿಲೋನಿಗೆ ಸೆರೆ ಹೋದೋರಿಗೆ ಪ್ರವಾದಿ ಯೆರೆಮೀಯ ಬರೆದ ಕಾಗದ ಇದೆ, ಅಲ್ಲೇ ಮನೆ ಕಟ್ಕೊಳ್ಳಿ, ತೋಟ ಮಾಡಿ, ಆ ಊರಿಗೋಸ್ಕರ ಪ್ರಾರ್ಥನೆ ಮಾಡಿ ಅಂತ. ನಮ್ಮ ಕನ್ನಡ ಕ್ಲಾಸಿಗೆ ಇಲ್ಲಿನ ಚರ್ಚಿನೋರು ಪುಕ್ಕಟೆ ರೂಮ್ ಬಿಟ್ಕೊಟ್ಟಿದಾರೆ, ಬಾಗಿಲು ತೆಗೆಯೋಕೆ ಒಬ್ರು ತಾತ ಶನಿವಾರದ ನಿದ್ದೆ ಬಿಟ್ಟು ಬರ್ತಾರೆ. ಅವರ ಬಗ್ಗೆ ನಮ್ಮ ಪತ್ರಿಕೆಯಲ್ಲಿ ಇವತ್ತಿನ ತನಕ ಒಂದು ಸಾಲೂ ಬಂದಿಲ್ಲ. ಇವತ್ತು ಬಂತು.

ಇನ್ನು ಬೇಗ ಬೇಗ ಸೂಚನೆಗಳು. ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ, ಮಧ್ಯಾಹ್ನ ಮೂರಕ್ಕೆ, ಊಟಕ್ಕೆ ಹೆಸರು ಕೊಡೋಕೆ ಈ ಭಾನುವಾರ ಕೊನೆ. ಮಕ್ಕಳ ನಾಟಕದ ರಿಹರ್ಸಲ್ ಕ್ಲಾಸ್ ಮುಗಿದ ತಕ್ಷಣ. ಸದಸ್ಯತ್ವದ ದುಡ್ಡು ಬಾಕಿ ಇರೋರು ದಯವಿಟ್ಟು ಕೊಡಿ. ಈ ಸಲ ಕೊನೇಲಿ ಹರಾಜು ಇಟ್ಟಿದೀವಿ, ಇಲ್ಲಿ ನೀವೇ ಬೆಳೆದಿದ್ದು ಏನಾದ್ರೂ ತನ್ನಿ, ಕುಂಡದ ಮೆಂತ್ಯ ಸೊಪ್ಪಾದ್ರೂ ಆಗತ್ತೆ, ಬಂದ ದುಡ್ಡು ಕನ್ನಡ ಕ್ಲಾಸಿನ ಪುಸ್ತಕಕ್ಕೆ. ಮತ್ತೆ, ಪತ್ರಿಕೆಗೆ ಟೈಪ್ ಮಾಡೋಕೆ ಒಬ್ರು, ಪ್ರೂಫ್ ನೋಡೋಕೆ ಒಬ್ರು ಬೇಕೇ ಬೇಕು, ನನ್ನೊಬ್ಬಳ ಕೈಲಿ ಆಗ್ತಿಲ್ಲ. ಮುಂದಿನ ಸಂಚಿಕೆಗೆ ಈ ಊರಲ್ಲಿ, ಈ ತಿಂಗಳು, ನಿಮಗಾದ ಒಂದು ಒಳ್ಳೇದನ್ನ ಬರೆದು ಕಳಿಸಿ, ಅರ್ಧ ಪುಟ ಸಾಕು.