ಉಳಿದ ಒಂದು ಕಿಡ್ನಿಯ ಪರವಾಗಿ

ಕಳೆದ ಆಷಾಢದಲ್ಲಿ ನನ್ನ ಎಡ ಮೂತ್ರಪಿಂಡವನ್ನು, ಅದರೊಳಗೆ ಬೆಳೆದಿದ್ದ 7 ಸೆಂಟಿಮೀಟರ್ ಕ್ಯಾನ್ಸರ್ ಗಡ್ಡೆಯ ಸಮೇತ, ಮಂಗಳೂರಿನಲ್ಲಿ ತೆಗೆದರು. ಶಸ್ತ್ರಚಿಕಿತ್ಸಕರಿಗೆ ಅಂದೇ ಕೈಮುಗಿದು ಬಂದಿದ್ದೇನೆ. ವರ್ಷ ತುಂಬಿದ ಈ ಹೊತ್ತಿನಲ್ಲಿ ನಾನು ಋಣ ಹೇಳಬೇಕಾದದ್ದು, ಉಳಿದ ಬಲ ಕಿಡ್ನಿಯನ್ನು ಕಾಪಾಡಿಕೊಟ್ಟ ನಮ್ಮ ಕುಮಟೆಯವರಿಗೆ.

ಪಿತ್ತಕೋಶದ ಕಲ್ಲು ಹುಡುಕುತ್ತಿದ್ದಾಗ, ಕೇಳದಿದ್ದರೂ ಎಡಪಕ್ಕೆಯನ್ನೂ ನೋಡಿದ ಸ್ಕ್ಯಾನಿಂಗ್ ವೈದ್ಯೆಗೆ ಮೊದಲ ವಂದನೆ.

ಶಸ್ತ್ರಚಿಕಿತ್ಸೆಗೆ ಮುನ್ನ 0.9 ಇದ್ದ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ, ರಕ್ತದಲ್ಲಿನ ಕಸ) 1.5ಕ್ಕೆ ಏರಿ, ಕಿಡ್ನಿ ರಕ್ತವನ್ನು ಎಷ್ಟು ಸೋಸುತ್ತಿದೆಯೆಂಬ, 99 ಇದ್ದ ಅಂದಾಜು 53ಕ್ಕೆ ಇಳಿದಾಗ, ಡಯಾಲಿಸಿಸ್ ಯಂತ್ರ ಮನೆಬಾಗಿಲಿಗೇ ಬಂದಂತೆ ಕಂಗೆಟ್ಟೆ. ಆಗ ಕಿಡ್ನಿ ತಜ್ಞರು ಕಾಗದದ ಮೇಲೆ ಚಿತ್ರ ಬರೆದು, ರಕ್ತ ಸೋಸುವ ಪುಟ್ಟ ಘಟಕಗಳಾದ ನೆಫ್ರಾನ್‌ಗಳು ಹೊಸದಾಗಿ ಹುಟ್ಟುವುದಿಲ್ಲವೆಂದೂ, ಉಳಿದ ಕಿಡ್ನಿಯಲ್ಲಿರುವ ಸುಮಾರು ಹತ್ತು ಲಕ್ಷವೇ ತಿಂಗಳುಗಳಲ್ಲಿ ಹಿಗ್ಗಿ ಹೆಚ್ಚು ರಕ್ತವನ್ನು ಸೋಸಲು ಕಲಿಯುತ್ತವೆಂದೂ ವಿವರಿಸಿದರು. ಸೋಸುವಿಕೆಯ ಅಂಕಿ 60ರ ಕೆಳಗೆ ಮೂರು ತಿಂಗಳು ನಿಂತರೆ ಅದಕ್ಕೆ ದೀರ್ಘಕಾಲದ ಕಾಯಿಲೆಯೆಂಬ ಹೆಸರು ಬರುತ್ತದಾದರೂ, ಸಕ್ಕರೆ ಕಾಯಿಲೆಯಿಂದ ಸವೆಯುವ ಕಿಡ್ನಿಯಂತೆ ಇದು ವರ್ಷವರ್ಷವೂ ಜಾರುತ್ತಲೇ ಹೋಗಬೇಕೆಂದಿಲ್ಲ, ರಕ್ತದೊತ್ತಡವನ್ನು ಹಿಡಿತದಲ್ಲಿಟ್ಟುಕೊಳ್ಳಿ ಎಂದರು. ಆ ಹದಿನೈದು ನಿಮಿಷ ಯಾವ ಮಾತ್ರೆಗೂ ಕಡಿಮೆಯಿರಲಿಲ್ಲ.

ಮೊಣಕಾಲು ನೋವಿಗೆ ಎಂದಿನಂತೆ, ಕಿಡ್ನಿಗೆ ಹಾನಿ ಮಾಡಬಲ್ಲ ನೋವಿನ ಮಾತ್ರೆ ಡೈಕ್ಲೋಫೆನಾಕ್ ಕೇಳಿದಾಗ, ನಿಮಗಿರುವುದು ಒಂದೇ ಕಿಡ್ನಿ ಎಂದು ನೆನಪಿಸಿ, ವ್ಯಾಪಾರ ಬಿಟ್ಟು, ಪ್ಯಾರಾಸಿಟಮಾಲ್ ಕೊಟ್ಟು ಕಳಿಸಿದ ಔಷಧದಂಗಡಿಯ ಹುಡುಗನಿಗೆ ನಾನು ಚಿರಋಣಿ. ಯಾಂತ್ರಿಕ ದೋಣಿಗಳು ದಡ ಸೇರುವ ಜೂನ್, ಜುಲೈ ತಿಂಗಳಲ್ಲಿ ಒಣ ಬಂಗಡೆಯಿಲ್ಲದೆ ಗಂಜಿ ಇಳಿಯದ ನನಗೆ, ದಿನಕ್ಕೆ 5 ಗ್ರಾಂ ಉಪ್ಪಿನೊಳಗೆ ಬದುಕುವುದನ್ನು ಕಲಿಸಿದವಳು ಹೆಂಡತಿ. ಅವಳೂ ನನ್ನೊಡನೆ ಒಣಮೀನು ಬಿಟ್ಟಳು.

ಮೊನ್ನೆಯ ವರದಿಯಲ್ಲಿ ಕ್ರಿಯಾಟಿನಿನ್ 1.3, ಸೋಸುವಿಕೆ 63. ಮೂತ್ರದಲ್ಲಿ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನಿನ ಸೋರಿಕೆಯಿಲ್ಲ. ವರದಿ ಅಚ್ಚಾಗುವ ಮೊದಲೇ ಫೋನು ಮಾಡಿ ತಿಳಿಸಿದ ಪ್ರಯೋಗಾಲಯದ ತಮ್ಮನಿಗೂ ಧನ್ಯವಾದ.

ಒಬ್ಬರು ಉಳಿದಿದ್ದಾರೆ. ಕಿಡ್ನಿಗೆ ಒಳ್ಳೆಯದೆಂದು ಬೇಲಿಯಾಚೆಯ ಅಮ್ಮ ತಮ್ಮ ಮರದ ಬಿಂಬುಳಿ ಹಿಂಡಿ ಒಂದು ಲೋಟ ರಸ ತಂದಿದ್ದರು. ಅದರಲ್ಲಿ, ಕಿಡ್ನಿಯಲ್ಲಿ ಹರಳುಗಟ್ಟುವ ಆಕ್ಸಲೇಟ್ ವಿಪರೀತ. ಹಸಿ ರಸ ಹೆಚ್ಚು ಕುಡಿದರೆ ಎರಡೂ ಕಿಡ್ನಿ ಇದ್ದವರಿಗೂ ಅಪಾಯವೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರಿಂದ ನಾನು ಕುಡಿಯಲಿಲ್ಲ. ಕುಡಿಯದಿದ್ದುದು ಸರಿಯೇ. ಆದರೆ ಕಾರಣವನ್ನೂ ಹೇಳದೆ ಲೋಟವನ್ನು ಒರಟಾಗಿ ಹಿಂದಿರುಗಿಸಿದ್ದಕ್ಕೆ, ಅವರ ಕ್ಷಮೆಯನ್ನು ಇಲ್ಲಿಯೇ ಕೇಳುತ್ತೇನೆ.