ಆಯಿಗೆ: ಅಪ್ಪನ ರೇಡಿಯೋ ಅಟ್ಟದಿಂದ ಇಳಿಸಿ

ಅಬರ್ಡೀನ್, ಸ್ಕಾಟ್ಲೆಂಡ್, ಡಿಸೆಂಬರ್

ಪ್ರೀತಿಯ ಆಯಿಗೆ ನಮಸ್ಕಾರ. ನಾನು ಆರಾಮ. ಗಿರೀಶನ ಪತ್ರ ಮೊನ್ನೆ ಸಿಕ್ತು. ಗಿರೀಶ, ಇದನ್ನ ಒಳಗೆ ಕೂತು ಓದ್ಬೇಡ, ಜಗಲಿ ಮೇಲೆ ಅಪ್ಪನ ಮಂಚದ ಹತ್ರ ಕೂತು ಜೋರಾಗಿ ಓದು, ಅಪ್ಪಂಗೂ ಕೇಳ್ಲಿ.

ಅಪ್ಪಂಗೆ ಪಾರ್ಶ್ವವಾಯು ಹೊಡೆದ ಮೇಲೆ ಫೋನಲ್ಲಿ ನೀವೆಲ್ಲ "ಅಡ್ಡಿಲ್ಲ, ಸುಧಾರಿಸ್ತಾ ಇದ್ದಾನೆ" ಅಂತಿದ್ರಿ, ನಾನೂ ನಂಬ್ಕೊಂಡು ಕೂತಿದ್ದೆ. ಪತ್ರದಲ್ಲಿ ನೋಡಿದ್ರೆ ಅಪ್ಪ ತಾಟು ದೂಡಿ ಬಿಟ್ಟ, ಮಾತು ಒಂದೂ ಬರ್ತಿಲ್ಲ, "ಹೂಂ" ಬಿಟ್ರೆ ಏನಿಲ್ಲ, ಬಲಗೈ ಎತ್ತೋಕೆ ಹೇಳಿದ್ರೆ ಗೋಡೆ ಕಡೆ ಮುಖ ತಿರುಗಿಸ್ತಾನೆ ಅಂತೆಲ್ಲ ಬರ್ದಿದ್ದಾನೆ. ಆಯಿ, ನೀನು ಅಡುಗೆಮನೇಲಿ ಕೂತು ಅಳ್ತೀಯಂತೆ. ನಂಗೆ ಹೇಳ್ಬೇಕಿತ್ತು. ನಾನು ದಿನಾ ಇಂಥ ಪೇಷಂಟುಗಳನ್ನೇ ನೋಡೋಳು, ನನ್ನ ಅಪ್ಪಂದೇ ನಂಗೆ ಗೊತ್ತಿಲ್ಲ ಅಂದ್ರೆ ಹೇಗೆ?

ಮೊದಲು ಒಂದು ಮಾತು ಸರಿಯಾಗಿ ಕೇಳು. ಅಪ್ಪಂಗೆ ತಲೆ ಕೆಟ್ಟಿಲ್ಲ, ಕಿವೀನೂ ಹೋಗಿಲ್ಲ. ಬಲಭಾಗಕ್ಕೆ ಪಾರ್ಶ್ವವಾಯು ಹೊಡೆದ್ರೆ ಏಟು ಬಿದ್ದಿರೋದು ಮಿದುಳಿನ ಎಡಕ್ಕೆ, ಹೆಚ್ಚಿನವರಿಗೆ ಮಾತು ಇರೋದೂ ಅಲ್ಲೇ. ಇದಕ್ಕೆ ಅಫೇಸಿಯಾ ಅಂತಾರೆ. ನಾವು ಹೇಳಿದ್ದು ಎಷ್ಟೋ ಅವನಿಗೆ ತಿಳೀತದೆ, ಹೇಳ್ಬೇಕಾದ್ದೂ ಮನಸಲ್ಲಿ ಇರ್ತದೆ, ಶಬ್ದ ಮಾತ್ರ ಕೈಗೆ ಸಿಗೂದಿಲ್ಲ. ಅದಕ್ಕೇ ಸಿಟ್ಟು. ನಾಗಮ್ಮತ್ತೆ ಬಂದು ಕಿವಿ ಹತ್ರ ಕೂಗಿ ಮಾತಾಡ್ತಾಳಂತಲ್ಲ, ಅದು ಬೇಡ. ನಿಧಾನ, ಒಂದ್ಸಲಕ್ಕೆ ಒಂದೇ ಪ್ರಶ್ನೆ, ಹೌದು ಅಲ್ಲ ಅಂತ ತಲೆ ಆಡಿಸೋ ಹಾಗೆ ಕೇಳಿ. "ಚಾ ಬೇಕಾ?" ಅಂತ ಲೋಟ ತೋರ್ಸಿ ಕೇಳಿ.

ಈಗ ಗಿರೀಶ ಬರೆದ ಆ ಒಂದು ಸಾಲಿನ ಬಗ್ಗೆ. "ಬೆಳಿಗ್ಗೆ ಆರು ಹೊಡೀತಿದ್ದ ಹಾಗೆ ಎಡಗೈಯಲ್ಲಿ ಮಂಚದ ಕಂಬಿ ಬಡೀತಾನೆ, ಏಳೂವರೆ ತನಕ ಬಿಡೂದಿಲ್ಲ, ನೀರು ಕೊಟ್ರೂ ಬೇಡ, ಬಚ್ಚಲಿಗೆ ಅಂದ್ರೂ ಬೇಡ, ಏನು ಬೇಕು ಅಂತ ಯಾರಿಗೂ ತಿಳೀತಿಲ್ಲ." ಇದನ್ನ ಓದಿ ನಾನು ವಾರ್ಡಿನ ಕಾರಿಡಾರಲ್ಲೇ ನಿಂತುಬಿಟ್ಟೆ. ಆಯಿ, ಆರು ಗಂಟೆಗೆ ನಮ್ಮನೇಲಿ ಏನಾಗ್ತಿತ್ತು? ನೀನು ಒಲೆ ಹಚ್ಚೋ ಮೊದಲೇ ಅಪ್ಪ ರೇಡಿಯೋ ಹಚ್ಚಿರ್ತಿದ್ದ. ಆಕಾಶವಾಣಿ ಟ್ಯೂನ್, ವಂದೇ ಮಾತರಂ, ಆಮೇಲೆ ಭಕ್ತಿಗೀತೆ, ಏಳಕ್ಕೆ ಐದು ನಿಮಿಷ ಇರೋವಾಗ ಸಂಸ್ಕೃತ ವಾರ್ತೆ, ಒಂದಕ್ಷರ ತಿಳೀದೇ ಇದ್ರೂ ಅದನ್ನ ಬಿಡ್ತಿರ್ಲಿಲ್ಲ, ಅದರ ಬೆನ್ನಿಗೆ ಪ್ರದೇಶ ಸಮಾಚಾರ. ನಮ್ಮನೇಲಿ ಗಡಿಯಾರ ಯಾರು ನೋಡ್ತಿದ್ರು? ಸಂಸ್ಕೃತ ವಾರ್ತೆ ಬಂತು ಅಂದ್ರೆ ನಾನು ಜಡೆ ಹಾಕ್ಕೋಬೇಕು, ಪ್ರದೇಶ ಸಮಾಚಾರ ಮುಗೀತು ಅಂದ್ರೆ ಶಾಲೆ ದಾರಿ ಹಿಡೀಬೇಕು, ಅಷ್ಟೇ. ಅಪ್ಪ ಕಂಬಿ ಬಡಿಯೋದು ರೇಡಿಯೋ ಕೇಳೋಕೆ ಅಂತ ನನ್ನ ಮನಸು ಹೇಳ್ತಿದೆ. ಅಲ್ಲ ಅಂತಾನೇ ಇಟ್ಕೊಳ್ಳಿ, ಹಚ್ಚಿ ನೋಡೋಕೆ ಏನು ಕಷ್ಟ?

ಮಂಚಕ್ಕೆ ಜಾಗ ಬೇಕು ಅಂತ ರೇಡಿಯೋ ಅಟ್ಟಕ್ಕೆ ಹಾಕಿದ್ದೀರಿ, ಅದರ ಜಾಗದಲ್ಲಿ ಟೀವಿ ತಂದು ಎದುರಿಗಿಟ್ಟು ಇಡೀ ದಿನ ಧಾರಾವಾಹಿ. ನಿಮ್ಮ ತಪ್ಪಂತ ಹೇಳ್ತಿಲ್ಲ ಆಯಿ, ಅವನಿಗೆ ಬೇಜಾರಾಗ್ಬಾರ್ದು ಅಂತಾನೇ ನೀವು ಮಾಡಿದ್ದು. ಆದ್ರೆ ಸ್ಟ್ರೋಕ್ ಆದವರಿಗೆ ಆ ಬಣ್ಣ, ಜಗಳ, ಗದ್ದಲ ಎಲ್ಲ ಒಟ್ಟಿಗೆ ಬಂದ್ರೆ ತಲೆ ಸುಸ್ತಾಗ್ತದೆ. ಟೀವಿ ಒಳಗೆ ತಗೊಂಡು ಹೋಗಿ.

ಗಿರೀಶ, ಈಗ ನಿಂಗೆ ಕೆಲಸ. ಸೆಟ್ ಇಳಿಸಿ ಹಿಂದಿನ ಮುಚ್ಚಳ ತೆಗೆ. ಸೆಲ್ ಒಳಗೇ ಬಿಟ್ಟು ಇಟ್ಟಿದ್ದೀರಿ ಅಂದ್ರೆ ಸೋರಿರ್ತದೆ, ಸ್ಪ್ರಿಂಗಿಗೆ ಹಸಿರು ಬಿಳಿ ಹಿಟ್ಟಿನ ಹಾಗೆ ಹಿಡ್ದಿರ್ತದೆ. ಕೈಯಲ್ಲಿ ಮುಟ್ಬೇಡ. ಹಳೇ ಸೆಲ್ ಬಟ್ಟೇಲಿ ಹಿಡಿದು ತೆಗೆದು ಎಸಿ, ಒಣ ಬ್ರಶ್ಶಲ್ಲಿ ಉಜ್ಜು, ಆಮೇಲೆ ಸ್ಪ್ರಿಂಗೂ ಎದುರಿನ ತಗಡೂ ಬೆಳ್ಳಗೆ ಹೊಳೆಯೋ ತನಕ ಸ್ಯಾಂಡ್‌ಪೇಪರಲ್ಲಿ ಸಣ್ಣಗೆ ತಿಕ್ಕು. ನೀರು ಹಾಕ್ಬೇಡ. ಹೊಸ ಸೆಲ್ ಹಾಕಿದ್ರೆ ಹೆಚ್ಚಾಗಿ ಶುರು ಆಗ್ತದೆ. ವಾಲ್ಯೂಮ್ ತಿರುಗಿಸಿದಾಗ ಕರಕರ ಅಂದ್ರೆ ಹೆದರ್ಬೇಡ, ನಾಬ್ ಆ ಕಡೆ ಈ ಕಡೆ ಇಪ್ಪತ್ತು ಸಲ ತಿರುಗಿಸು, ಧೂಳು ಬಿಡ್ತದೆ.

ಮುಳ್ಳು ಎಲ್ಲಿ ನಿಲ್ಲಿಸ್ಬೇಕು ಅಂತ ಕೇಳ್ಬೇಡ. ನಾನು ಪಿಯುಸಿ ಓದೋವಾಗ ನನ್ನ ನೈಲ್‌ಪಾಲಿಶ್ ತಗೊಂಡು ಅಪ್ಪ ಗಾಜಿನ ಮೇಲೆ ಎರಡು ಕೆಂಪು ಚುಕ್ಕೆ ಇಟ್ಟಿದ್ದ, ಮೀಡಿಯಂ ವೇವಲ್ಲಿ ಧಾರವಾಡ 765ಕ್ಕೆ ಒಂದು, ಎಫ್ಎಂನಲ್ಲಿ ಕಾರವಾರ 102.3ಕ್ಕೆ ಒಂದು. ಬಾಟಲಿ ಖಾಲಿ ಮಾಡಿದ ಅಂತ ನಾನು ಎರಡು ದಿನ ಮಾತು ಬಿಟ್ಟಿದ್ದೆ. ಚುಕ್ಕೆ ಇನ್ನೂ ಇರ್ತದೆ, ನೋಡು. ಧಾರವಾಡ ಸರಿ ಬರ್ದಿದ್ರೆ ಏರಿಯಲ್ ಎಳೀಬೇಡ, ಮೀಡಿಯಂ ವೇವಿಗೆ ಅದು ಲೆಕ್ಕಕ್ಕಿಲ್ಲ, ಒಳಗೆ ಒಂದು ಕಪ್ಪು ಫೆರೈಟ್ ಕಡ್ಡಿ ಇದೆ, ಹಿಡಿಯೋದು ಅದು, ಹಾಗಾಗಿ ಸೆಟ್ಟನ್ನೇ ನಿಧಾನ ತಿರುಗಿಸು, ಒಂದು ದಿಕ್ಕಲ್ಲಿ ಗಟ್ಟಿಯಾಗಿ ಕೇಳ್ತದೆ. ಎಫ್ಎಂಗೆ ಮಾತ್ರ ಏರಿಯಲ್ ಬೇಕು, ಅದಕ್ಕೆ ಗುಡ್ಡ ಅಡ್ಡ ಬಂದ್ರೆ ಆಗೂದಿಲ್ಲ, ಸಮುದ್ರದ ಕಡೆ ಕಿಟಕಿ ಹತ್ರ ಇಡು. ಇನ್ವರ್ಟರ್, ಫ್ರಿಜ್ಜು, ಆ ಹೊಸ ಎಲ್‌ಇಡಿ ಬಲ್ಬು ಇವುಗಳಿಂದ ದೂರ ಇರ್ಲಿ, ಹಾಳು ಸದ್ದೆಲ್ಲ ಅಲ್ಲಿಂದ್ಲೇ ಬರೋದು. ಇದೆಲ್ಲ ನಂಗೆ ಯಾರು ಹೇಳ್ಕೊಟ್ಟಿದ್ದು? ಅಪ್ಪನೇ. ರಾತ್ರಿಯಾದ್ರೆ ದೂರದ ಸ್ಟೇಷನ್ ಯಾಕೆ ಬರ್ತದೆ ಅಂತ ಕೇಳಿದ್ದಕ್ಕೆ, ಬಿಸಿಲಿರೋವಾಗ ಆಕಾಶದ ಕೆಳಗಿನ ಪದರ ಅಲೆಗಳನ್ನ ನುಂಗ್ತದೆ, ಕತ್ತಲಾದ್ರೆ ಆ ಪದರ ಕರಗಿ ಅಲೆ ಮೇಲಿನ ಪದರಕ್ಕೆ ಬಡಿದು ವಾಪಸ್ ಬೀಳ್ತದೆ ಅಂತ ಬಲೆ ಹೆಣೀತಾ ಹೇಳಿದ್ದ. ಏಳನೇ ಕ್ಲಾಸ್ ಓದಿದವ.

ಇಲ್ಲಿಯ ಒಂದು ವಿಷಯ ಹೇಳ್ತೇನೆ, ಅಪ್ಪಂಗೆ ಖುಷಿ ಆಗ್ತದೆ. ಈ ಊರೂ ಸಮುದ್ರದ ಊರೇ, ಮೀನು ಬಂದರು, ಎಣ್ಣೆ ತೆಗೆಯೋ ಕಂಪನಿಗಳ ಹಡಗು, ಮನೆಗಳೆಲ್ಲ ಬೂದು ಗ್ರಾನೈಟ್ ಕಲ್ಲಿಂದು. ಈಗ ಸೂರ್ಯ ಏಳೋದೇ ಮುಕ್ಕಾಲು ಒಂಬತ್ತಕ್ಕೆ, ಮೂರೂವರೆಗೆ ಕತ್ತಲು. ಬಿಬಿಸಿ ರೇಡಿಯೋದಲ್ಲಿ ರಾತ್ರಿ 12.48ಕ್ಕೆ ಸರಿಯಾಗಿ ಹಡಗಿನವರಿಗೆ ಹವಾಮಾನ ಓದ್ತಾರೆ. ಮೊದಲು ಒಂದು ಮೆಲ್ಲನೆ ಟ್ಯೂನ್, ಆಮೇಲೆ ಈ ದೇಶದ ಸುತ್ತ ಇರೋ ಸಮುದ್ರವನ್ನ 31 ಭಾಗ ಮಾಡಿ ಒಂದೊಂದಕ್ಕೂ ಹೆಸರಿಟ್ಟಿದ್ದಾರಲ್ಲ, ಅದನ್ನ ಸಾಲಾಗಿ ಓದ್ತಾ ಹೋಗ್ತಾರೆ: ವೈಕಿಂಗ್, ಫೋರ್ಟೀಸ್, ಕ್ರಾಮರ್ಟಿ, ಫೋರ್ಥ್, ಟೈನ್, ಡಾಗರ್. ಗಾಳಿ ಯಾವ ದಿಕ್ಕು, ಎಷ್ಟು ಜೋರು, ಮಳೆ ಉಂಟಾ, ಕಣ್ಣಿಗೆ ಎಷ್ಟು ದೂರ ಕಾಣ್ತದೆ, ಇಷ್ಟೇ. ಹಡಗೇ ಹತ್ತದ ಮುದುಕಿಯರೂ ಮಲಗೋ ಮೊದಲು ಇದನ್ನ ಕೇಳ್ತಾರೆ, ಕೇಳಿದ್ರೆ ನಿದ್ದೆ ಬರ್ತದಂತೆ. ನಂಗೆ ನಿದ್ದೆ ಬರೂದಿಲ್ಲ, ಅಪ್ಪನ ನೆನಪು ಬರ್ತದೆ. "ಉತ್ತರ ಕನ್ನಡ ಕರಾವಳಿಯ ಮೀನುಗಾರರು ಸಮುದ್ರಕ್ಕೆ ಇಳಿಯಬಾರದು" ಅಂತ ಕಾರವಾರದಿಂದ ಬಂದ್ರೆ ಇಡೀ ಕೇರಿ ನಮ್ಮ ಜಗಲಿಗೆ ಬರ್ತಿತ್ತಲ್ಲ. 2019ರ ದೀಪಾವಳಿಗೆ ಕ್ಯಾರ್ ಚಂಡಮಾರುತ ಬಂದಾಗ ಬೀರಣ್ಣ ದೋಣಿ ನೀರಿಗೆ ತಳ್ಳಿ ಆಗಿತ್ತು, ತಾರ್ಲೆ ಮೀನು ಬಿದ್ದಿದೆ ಅಂತ ಆಸೆ ಅವನಿಗೆ, ಅಪ್ಪ ಸೆಟ್ಟನ್ನ ಎದೆಗೆ ಅವಚಿಕೊಂಡು ಮಳೇಲಿ ದಂಡೆಗೆ ಓಡಿದ್ದ, ತನ್ನ ಮಾತು ಕೇಳೂದಿಲ್ಲ ಅಂತ ಗೊತ್ತಿತ್ತು, ರೇಡಿಯೋದವರ ಮಾತು ಕೇಳ್ತಾನೆ ಅಂತ. ಬೀರಣ್ಣ ಕೇಳಿದ, ದೋಣಿ ಮೇಲೆ ಬಂತು. ಆ ವಾರ ಬೇರೆ ರಾಜ್ಯದ ಬೋಟುಗಳೆಲ್ಲ ಕಾರವಾರ ಬಂದರಿಗೆ ಬಂದು ಸೇರ್ಕೊಂಡಿದ್ವು. ರೇಡಿಯೋದಲ್ಲಿ ಬಂದ್ರೇ ಖರೆ ಅಂತಿದ್ರು ನಮ್ಮ ಕೇರೀಲಿ. ಬೀರಣ್ಣನ್ನ ಬರೋಕೆ ಹೇಳಿ. ಅಪ್ಪನ ಹತ್ರ ಕೂತು ಅವತ್ತಿನ ಕತೆ ಅವನೇ ಹೇಳ್ಲಿ, ಯಾವ ಮೀನು ಬಿತ್ತು, ಬಂಗಡೆ ರೇಟ್ ಎಷ್ಟು, ಎಲ್ಲ ಹೇಳ್ಲಿ, ಉತ್ತರ ಕೇಳೋದು ಬೇಡ.

ಇಲ್ಲಿ ಆಸ್ಪತ್ರೆಗೇ ಅಂತ ರೇಡಿಯೋ ಇದೆ ಗೊತ್ತಾ? 1925ರಲ್ಲೇ ಯಾರ್ಕ್ ಅನ್ನೋ ಊರಿನ ಆಸ್ಪತ್ರೇಲಿ ಶುರು ಮಾಡಿದ್ರು, ಹಾಸಿಗೆಗೆ ಹೆಡ್‌ಫೋನ್ ಕೊಟ್ಟು. ಈಗ್ಲೂ ಎಷ್ಟೋ ಕಡೆ ಊರವರೇ ಸಂಬಳ ಇಲ್ಲದೆ ಬಂದು ನಡೆಸ್ತಾರೆ, ಹಾಸಿಗೆ ಹಾಸಿಗೆಗೆ ಹೋಗಿ ಯಾವ ಹಾಡು ಬೇಕು ಅಂತ ಕೇಳಿ ಬರ್ಕೊಂಡು, ಸಂಜೆ ಹೆಸರು ಹೇಳಿ ಹಾಕ್ತಾರೆ. ನಾವು ಕೋರಿಕೆಗೆ ಅಂತ ಕಾರ್ಡ್ ಬರೀತಿದ್ವಲ್ಲ, ಹಾಗೇ. ನಮ್ಮ ನಾಲ್ಕು ಹೆಸರು ಒಟ್ಟಿಗೆ ಬಂದ ದಿನ ನೀನು ಹಾಲು ಉಕ್ಕಿಸಿದ್ದು ಇನ್ನೂ ನೆನಪಿದೆ. ನನ್ನ ವಾರ್ಡಲ್ಲಿ ಒಬ್ಬ ಮುದುಕ, ಮೀನು ಬೋಟಿನವನೇ, ಅಪ್ಪನ ಹಾಗೇ ಮಾತು ಹೋಗಿತ್ತು, ಅವನ ಮಗಳು ಒಂದು ಹಳೇ ಹಾಡು ಬರೆಸಿದ್ಲು, ಹಾಡು ಬಂದಾಗ ಅವ ಅದರ ಜೊತೆಗೆ ಎರಡು ಸಾಲು ಹೇಳಿಬಿಟ್ಟ. ಮಾತು ಬರ್ದಿದ್ರೂ ಹಾಡು ಬರ್ತದೆ ಕೆಲವರಿಗೆ, ಕಣ್ಣಾರೆ ನೋಡಿದ್ದೇನೆ. ಹೆಲ್ಸಿಂಕಿಯಲ್ಲಿ 2008ರಲ್ಲಿ ಒಂದು ಅಧ್ಯಯನ ಬಂತು, ಸ್ಟ್ರೋಕ್ ಆದವರಿಗೆ ತಮಗಿಷ್ಟದ ಸಂಗೀತ ಎರಡು ತಿಂಗಳು ದಿನಾ ಕೇಳಿಸಿದ್ರು, ಕೇಳದವರಿಗಿಂತ ಅವರ ನೆನಪು, ಗಮನ ಹೆಚ್ಚು ಸುಧಾರಿಸ್ತು. ಮದ್ದಿನ ಬದಲು ಅಂತ ಅಲ್ಲ, ಮದ್ದಿನ ಜೊತೆಗೆ.

ಅಪ್ಪನ ಇಷ್ಟ ನಿಮಗೆ ಗೊತ್ತಿದೆ. ಯಕ್ಷಗಾನ ಬಂದ್ರೆ ಹಾಕಿ. ಸುಕ್ರಿ ಬೊಮ್ಮಗೌಡರ ಹಾಡು ಬಂದ್ರೆ ಬಲೆ ಕೆಳಗಿಟ್ಟು ಕೂರ್ತಿದ್ದ, ನಮ್ಮ ಅಂಕೋಲೆಯ ದನಿ ಆಕಾಶಕ್ಕೆ ಹೋಗಿ ಬಂತು ನೋಡು ಅಂತ. ಆದ್ರೆ ಇಡೀ ದಿನ ಹಚ್ಚಿಡ್ಬೇಡಿ. ಬೆಳಿಗ್ಗೆ ಆರರಿಂದ ಏಳೂವರೆ, ಸಂಜೆ ಒಂದು ಗಂಟೆ. ನೀವು ಅವನ ಹತ್ರ ಮಾತಾಡೋವಾಗ ಬಂದ್ ಮಾಡಿ, ಎರಡು ದನಿ ಒಟ್ಟಿಗೆ ಬಂದ್ರೆ ಅವನಿಗೆ ಕಷ್ಟ. ನಾಬ್ ಎಡಗೈಗೆ ಸಿಗೋ ಹಾಗೆ ಇಡಿ, ಹಚ್ಚೋದು ಆರಿಸೋದು ಅವನೇ ಮಾಡ್ಲಿ.

ಬಿಪಿ ಮಾತ್ರೆ, ರಕ್ತ ತೆಳು ಮಾಡೋ ಮಾತ್ರೆ ಒಂದು ದಿನಾನೂ ತಪ್ಪಿಸ್ಬೇಡಿ. ಅದ್ಯಾರೋ ನಾಟಿ ಔಷಧದವರು ಇಂಗ್ಲಿಷ್ ಮಾತ್ರೆ ಬಿಟ್ಟುಬಿಡಿ ಅಂದ್ರಂತಲ್ಲ, ಆಯಿ, ನಿನ್ನ ಕಾಲಿಗೆ ಬೀಳ್ತೇನೆ, ಅದೊಂದು ಮಾಡ್ಬೇಡ, ಎರಡನೇ ಸಲ ಹೊಡೆದ್ರೆ ನಾವು ಏನೂ ಮಾಡೋಕಾಗೂದಿಲ್ಲ. ಆಸ್ಪತ್ರೆಯವರು ಡಿಸ್ಚಾರ್ಜ್ ಮಾಡೋವಾಗ ಸ್ಪೀಚ್ ಥೆರಪಿ ಅನ್ನೋ ಮಾತೇ ಎತ್ತಲಿಲ್ಲ, ನಂಗೆ ಅದರ ಸಿಟ್ಟು ಇನ್ನೂ ಇಳಿದಿಲ್ಲ. ಮೊದಲ ಕೆಲವು ತಿಂಗಳು ಬಹಳ ಮುಖ್ಯ. ಮೈಸೂರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಗಿರೀಶ ನಾಳೆಯೇ ಅವರಿಗೆ ಫೋನ್ ಮಾಡ್ಲಿ, ಹತ್ತಿರ ಎಲ್ಲಿ ತೋರಿಸ್ಬೋದು ಅಂತ ಅವರೇ ಹೇಳ್ತಾರೆ. ಆಕಾಶವಾಣಿ ಅನ್ನೋ ಹೆಸರು ಬಂದಿದ್ದೂ ಆ ಮೈಸೂರಿಂದ್ಲೇ ಅಂತ ಅಪ್ಪ ಎಷ್ಟು ಸಲ ಹೇಳಿದ್ದಾನೆ, 1935ರಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿ ತಮ್ಮ ಮನೇಲೇ ಸ್ಟೇಷನ್ ಶುರು ಮಾಡಿದ್ರು ಅಂತ. ಆ ಬೆಳಗಿನ ಟ್ಯೂನ್ ಮಾಡಿದ ವಾಲ್ಟರ್ ಕೌಫ್‌ಮನ್ ಕೂಡ ತನ್ನ ದೇಶ ಬಿಟ್ಟು ಮುಂಬೈಗೆ ಬಂದವ ಅಂತ ನಂಗೆ ಇಲ್ಲಿಗೆ ಬಂದ ಮೇಲೇ ಗೊತ್ತಾಗಿದ್ದು. ಅಪ್ಪಂಗೆ ಇದು ಗೊತ್ತಿರ್ಲಿಕ್ಕಿಲ್ಲ, ಹೇಳು ಗಿರೀಶ.

ಹಣದ ಚಿಂತೆ ಬೇಡ, ಫಿಸಿಯೋದವರಿಗೆ ಕೊಡೋದು ಸೋಮವಾರ ಹಾಕ್ತೇನೆ. ನನ್ನ ಚಿಂತೆಯಂತೂ ಮಾಡ್ಲೇಬೇಡ, ಮನೆ ಬೆಚ್ಚಗಿದೆ, ಹೀಟರ್ ಇದೆ, ಅನ್ನ ಸಾರು ದಿನಾ ಮಾಡ್ಕೊಳ್ತೇನೆ, ಒಣ ಶೆಟ್ಲಿ ಮೀನು ನೀನು ಕೊಟ್ಟಿದ್ದು ಇನ್ನೂ ಇದೆ, ಕೆಮ್ಮು ಪೂರ್ತಿ ಹೋಯ್ತು, ತೂಕಾನೂ ಇಳಿದಿಲ್ಲ, ಏನೂ ಆಗಿಲ್ಲ ನಂಗೆ. ಫೆಬ್ರವರಿಯಲ್ಲಿ ರಜೆ ಕೇಳಿದ್ದೇನೆ, ಸಿಗ್ತದೆ.

ಅಪ್ಪಾ, ಇದು ನಿಂಗೆ. ಈಗ ನಂಗೆ ನೈಟ್ ಡ್ಯೂಟಿ. ನಿಮಗೆ ಬೆಳಿಗ್ಗೆ ಏಳಕ್ಕೆ ಐದು ನಿಮಿಷ ಇರೋವಾಗ ಇಲ್ಲಿ ರಾತ್ರಿ 1.25. ಆ ಹೊತ್ತಿಗೆ ನಂಗೆ ಬ್ರೇಕ್ ಸಿಗ್ತದೆ, ಫೋನಿಗೆ ಆಕಾಶವಾಣಿ ಆಪ್ ಹಾಕ್ಕೊಂಡಿದ್ದೇನೆ, ಒಂದು ಕಿವೀಲಿ ಸಿಕ್ಕಿಸ್ಕೊಂಡು ಕೇಳ್ತೇನೆ, ಸಂಸ್ಕೃತ ವಾರ್ತೆಯಿಂದ್ಲೇ. ನಂಗೂ ಒಂದಕ್ಷರ ತಿಳೀತಿಲ್ಲ. ನೀನೂ ಅದೇ ಹೊತ್ತಿಗೆ ಹಚ್ಚು. ಪ್ರದೇಶ ಸಮಾಚಾರದಲ್ಲಿ ನಮ್ಮ ಕಡೇದು ಏನಾದ್ರೂ ಬಂದ್ರೆ ಕಂಬಿ ಮೇಲೆ ಎರಡು ಸಲ ಬಡಿ, ಗಿರೀಶ ನಂಗೆ ಮೆಸೇಜ್ ಹಾಕ್ತಾನೆ.

ಬಸ್ಸಿಗೆ ಹೊತ್ತಾಯ್ತು, ಇನ್ನು ಹತ್ತು ನಿಮಿಷ ಇದೆ ಅಷ್ಟೇ. ಗಿರೀಶ, ಸೆಲ್ ಇವತ್ತೇ ತಾ, ನಾಳೆ ಅನ್ಬೇಡ. ನಾಗಮ್ಮತ್ತೆಗೆ ಬೇಜಾರಾಗೋ ಹಾಗೆ ಏನೂ ಹೇಳ್ಬೇಡಿ. ಅಪ್ಪನ ಕಾಲಿಗೆ ಎಣ್ಣೆ ತಿಕ್ಕಿ.

ನಿಮ್ಮ
ಪುಟ್ಟಿ